ಎಫ್‌ಐ ಲೈಟು ಹತ್ತಿತ್ತು, ಸೆನ್ಸರ್ ಕೆಟ್ಟಿರಲಿಲ್ಲ

ತಗ್ಗುದಿಣ್ಣೆ ರಸ್ತೆಗೆ ಇಳಿದರೆ ಸಾಕು, ನನ್ನ ಬೈಕು ಜಗ್ಗಲು ಶುರು. ನುಣ್ಣನೆ ರಸ್ತೆಯಲ್ಲಿ ಯಾವ ತಕರಾರೂ ಇಲ್ಲ. ಜಗ್ಗುವ ಹೊತ್ತಿಗೆ ಸರಿಯಾಗಿ ಸ್ಪೀಡೋಮೀಟರಿನಲ್ಲಿ ಎಫ್‌ಐ ಲೈಟು, ಅಂದರೆ ಪೆಟ್ರೋಲು ಚಿಮ್ಮಿಸುವ ಫ್ಯೂಯೆಲ್ ಇಂಜೆಕ್ಷನ್ ವ್ಯವಸ್ಥೆಯ ಎಚ್ಚರಿಕೆ ದೀಪ, ಹತ್ತಿ ಆರುತ್ತಿತ್ತು. ನಿಂತಾಗ ಐಡ್ಲಿಂಗ್ ಏರಿಳಿಯುವುದು, ಕೆಲವೊಮ್ಮೆ ಎಂಜಿನ್ ಆಫ್ ಆಗುವುದು, ಸೈಲೆನ್ಸರಿನಿಂದ ಹಸಿ ಪೆಟ್ರೋಲಿನ ವಾಸನೆ ಬೇರೆ. ಪ್ಲಗ್ ಬಿಚ್ಚಿ ನೋಡಿದರೆ ಒಣ ಕಪ್ಪು ಮಸಿ. ಗಾಳಿಗೆ ತಕ್ಕಷ್ಟಲ್ಲ, ಅದಕ್ಕಿಂತ ಹೆಚ್ಚು ಪೆಟ್ರೋಲು ಒಳಗೆ ಹೋಗುತ್ತಿದೆ ಎಂದರ್ಥ.

ಕೇಳಿದವರೆಲ್ಲ ಕೊಟ್ಟ ಸಲಹೆ ಒಂದೇ: ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಬದಲಾಯಿಸಿ. ನಾನು ಹಾಗೆ ಕೆಲಸ ಮಾಡುವುದಿಲ್ಲ. ಆ ಲೈಟು ಹತ್ತಿದಾಗ ಇಸಿಯು, ಅಂದರೆ ಎಂಜಿನ್ನಿನ ಪುಟ್ಟ ಕಂಪ್ಯೂಟರ್, ಬರೆದಿಟ್ಟುಕೊಳ್ಳುವ ತಪ್ಪಿನ ನಂಬರೇ ಕೋಡ್. ಅದು ಹೇಳುವುದು ಇಂಥ ಸರ್ಕ್ಯೂಟಿನಿಂದ ಬರುವ ವೋಲ್ಟೇಜ್ ಮಿತಿ ದಾಟಿದೆ ಎಂಬುದನ್ನಷ್ಟೆ. ಆ ಸರ್ಕ್ಯೂಟಿನಲ್ಲಿ ಸೆನ್ಸರ್ ಒಂದೇ ಇಲ್ಲ. ವೈರು ಜೋಡಿಸುವ ಕಪ್ಲರ್ ಇದೆ, ಉದ್ದಕ್ಕೂ ವೈರು ಇದೆ, ಕರೆಂಟು ವಾಪಸಾಗುವ ಅರ್ತ್ ಇದೆ, ಕೊನೆಗೆ ಇಸಿಯು ಇದೆ. ಇಷ್ಟರಲ್ಲಿ ತಪ್ಪು ಯಾವುದು ಎಂದು ವೋಲ್ಟೇಜ್, ಓಮ್ ಅಳೆಯುವ ಮಲ್ಟಿಮೀಟರು ಹೇಳಬೇಕು.

ಮೊದಲು ಬ್ಯಾಟರಿ. ವೋಲ್ಟೇಜ್ ಸರಿಯಿಲ್ಲದ ಗಾಡಿಯಲ್ಲಿ ಮಿಕ್ಕ ಯಾವ ರೀಡಿಂಗನ್ನೂ ನಂಬುವ ಹಾಗಿಲ್ಲ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇತ್ತು. ಸೆಲ್ಫ್ ಒತ್ತಿ ಹಿಡಿದಾಗ 10ಕ್ಕಿಂತ ಕೆಳಗೆ ಇಳಿಯಲಿಲ್ಲ. ಎಂಜಿನ್ ಓಡಿಸಿ ರೇಸ್ ಕೊಟ್ಟಾಗ 14.2. ಮೂರೂ ಸರಿ. ಇಲ್ಲೊಂದು ಮಾತು: ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ತೆಗೆದು ಚಾರ್ಜಿಂಗ್ ನೋಡುವ ಹಳೆಯ ಅಭ್ಯಾಸವನ್ನು ಎಫ್‌ಐ ಗಾಡಿಯಲ್ಲಿ ಮಾಡಲೇಬಾರದು. ಆ ಕ್ಷಣ ಏರುವ ವೋಲ್ಟೇಜ್ ಇಸಿಯುವನ್ನೇ ಸುಡಬಹುದು.

ಆಮೇಲೆ ಪೆಟ್ರೋಲ್ ಪಂಪು. ಕೀ ಆನ್ ಮಾಡಿದೊಡನೆ ಎರಡು ಮೂರು ಸೆಕೆಂಡ್ ಗುಂಯ್ ಎಂದು ಸುಮ್ಮನಾಯಿತು, ಅಂದರೆ ಇಸಿಯು ಮತ್ತು ರಿಲೇ ಅದಕ್ಕೆ ಕರೆಂಟ್ ಕೊಡುತ್ತಿವೆ. ಆದರೆ ಸದ್ದು ಬಂದರೆ ಸಾಲದು. ಪಂಪು ಓಡುತ್ತಿರುವಾಗಲೇ ಅದರ ಕಪ್ಲರಿನಲ್ಲಿ ವೋಲ್ಟೇಜ್ ನೋಡಬೇಕು. ವೈರಿನ ಎಳೆಗಳೆಲ್ಲ ತುಂಡಾಗಿ ಒಂದೇ ಎಳೆ ಉಳಿದಿದ್ದರೂ, ಏನೂ ಓಡದಿದ್ದಾಗ ಮೀಟರು ಪೂರ್ತಿ 12 ವೋಲ್ಟ್ ತೋರಿಸುತ್ತದೆ. ಹಾದಿಯಲ್ಲಿ ಅರ್ಧ ಓಮ್ ಅಡ್ಡಿ ಇದ್ದು ಪಂಪು 4 ಆಂಪಿಯರ್ ಎಳೆದರೆ ಅಲ್ಲೇ 2 ವೋಲ್ಟ್ ಹೋಯಿತು. ನನ್ನ ಗಾಡಿಯಲ್ಲಿ ಬ್ಯಾಟರಿಗೂ ಪಂಪಿಗೂ ವ್ಯತ್ಯಾಸ ಕಾಲು ವೋಲ್ಟ್ ದಾಟಲಿಲ್ಲ. ಪೆಟ್ರೋಲಿನ ಒತ್ತಡವೂ 3 ಬಾರ್ ಆಸುಪಾಸು ನಿಂತಿತು. ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರಿನ ರೆಸಿಸ್ಟೆನ್ಸ್ 12 ಓಮ್, ಅದೂ ಸರಿ. ಇತ್ತ ಇನ್ನು ಹುಡುಕಬೇಕಿರಲಿಲ್ಲ.

ಹೀಗೆ ಲೋಡ್ ಕೊಟ್ಟು ಪರೀಕ್ಷಿಸಲು ನಾನು ಹಳೆಯ ಬ್ರೇಕ್ ಲೈಟಿನ 21 ವ್ಯಾಟ್ ಬಲ್ಬಿಗೆ ಎರಡು ವೈರು ಕಟ್ಟಿ ಇಟ್ಟುಕೊಂಡಿದ್ದೇನೆ. ಅದು ಎಳೆಯುವುದು ಸುಮಾರು ಒಂದೂ ಮುಕ್ಕಾಲು ಆಂಪಿಯರ್. ಪಂಪು, ಹೆಡ್‌ಲೈಟ್, ಹಾರ್ನಿನ ವೈರಿಗೆ ಹಚ್ಚಿ ನೋಡಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಸೆನ್ಸರ್ ವೈರಿಗೆ ಮಾತ್ರ ಅದನ್ನು ತಾಗಿಸಬೇಡಿ, ಅಲ್ಲಿ ಹರಿಯುವುದು ಮಿಲಿ ಆಂಪಿಯರ್ ಲೆಕ್ಕದ ಕರೆಂಟು.

ಈಗ ಕೋಡ್. ಸ್ಕ್ಯಾನರ್ ಇಲ್ಲದಿದ್ದರೂ ಹಲವು ಗಾಡಿಗಳಲ್ಲಿ ಎಫ್‌ಐ ಲೈಟಿನ ಮಿಣುಕು ಎಣಿಸಿ ಕೋಡ್ ಓದಬಹುದು, ಸಾಮಾನ್ಯವಾಗಿ ಉದ್ದದ ಮಿಣುಕು ಹತ್ತು, ಚಿಕ್ಕದು ಒಂದು. ಯಾವ ನಂಬರಿಗೆ ಯಾವ ಅರ್ಥ ಎನ್ನುವುದು ಕಂಪನಿಗೊಂದು ಥರ, ಸರ್ವಿಸ್ ಮ್ಯಾನ್ಯುಯಲ್ ನೋಡಿಯೇ ತಿಳಿಯಬೇಕು. ನನಗೆ ಸಿಕ್ಕಿದ್ದು ಒಂದು ಕೋಡ್ ಅಲ್ಲ: ಥ್ರಾಟಲ್ ಪೊಸಿಷನ್, ಒಳಬರುವ ಗಾಳಿಯ ಒತ್ತಡ, ಎಂಜಿನ್ ಬಿಸಿ, ಮೂರೂ.

ಮೂರು ಸೆನ್ಸರ್ ಒಟ್ಟಿಗೆ ಕೆಡುವುದೇ? ಅದೂ ಒಂದು ಥ್ರಾಟಲ್ ಬಾಡಿಯಲ್ಲಿ, ಇನ್ನೊಂದು ಎಂಜಿನ್ನಿನ ಮೈಮೇಲೆ ಇರುವಾಗ? ಹಾಗಿದ್ದರೆ ಮೂರಕ್ಕೂ ಹಂಚಿಕೆಯಾಗಿರುವುದು ಏನು ಎಂದು ವೈರಿಂಗ್ ಡಯಾಗ್ರಾಂ ಬಿಡಿಸಿ ಕೂತೆ. ಮೊದಲ ಎರಡಕ್ಕೆ ಇಸಿಯು ಕೊಡುವ 5 ವೋಲ್ಟ್ ಒಂದೇ ವೈರು. ಬಿಸಿ ನೋಡುವ ಸೆನ್ಸರಿಗೆ ಆ ವೈರು ಹೋಗುವುದೇ ಇಲ್ಲ, ಅದಕ್ಕಿರುವುದು ಸಿಗ್ನಲ್ ಮತ್ತು ಅರ್ತ್ ಎರಡೇ. ಮೂರಕ್ಕೂ ಸೇರಿದ್ದು ಸೆನ್ಸರ್ ಅರ್ತ್ ಮಾತ್ರ. ಅದು ಗಾಡಿಯ ಚೌಕಟ್ಟಿಗೆ ಹೋಗುವುದಿಲ್ಲ, ಮೂರೂ ಒಂದು ಕಡೆ ಕೂಡಿ ಇಸಿಯುಗೆ ವಾಪಸಾಗುತ್ತದೆ. ಆ ದಾರಿ ಕಡಿದರೆ ಮೂರರ ಸಿಗ್ನಲ್ಲೂ 5 ವೋಲ್ಟ್ ಕಡೆಗೆ ಏರುತ್ತದೆ. ಒತ್ತಡದ ಸಿಗ್ನಲ್ ಹಾಗೆ ಏರಿದರೆ ಎಂಜಿನ್ನಿಗೆ ಗಾಳಿ ಸಿಕ್ಕಾಪಟ್ಟೆ ಬರುತ್ತಿದೆ ಎಂದುಕೊಂಡು ಇಸಿಯು ಪೆಟ್ರೋಲು ಸುರಿಯುತ್ತದೆ. ಪ್ಲಗ್ಗಿನ ಮಸಿಗೂ ಇದಕ್ಕೂ ತಾಳೆಯಾಯಿತು.

ಟ್ಯಾಂಕ್ ಎತ್ತಿ, ಥ್ರಾಟಲ್ ಸೆನ್ಸರಿನ ಕಪ್ಲರ್ ಹಾಕಿದ್ದ ಹಾಗೇ ಹಿಂದಿನಿಂದ ಅರ್ತ್ ವೈರಿನ ಪಕ್ಕಕ್ಕೆ ಸಣ್ಣ ಗುಂಡುಪಿನ್ನು ಇಳಿಸಿದೆ. ವೈರಿನ ಹೊದಿಕೆ ಚುಚ್ಚಿ ನೋಡುವವರಿದ್ದಾರೆ. ಆ ತೂತಿನಿಂದ ನೀರು ಇಳಿದು ಮುಂದೆ ಅಲ್ಲೇ ಹೊಸ ರಿಪೇರಿ ಹುಟ್ಟುತ್ತದೆ. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಕೆಂಪು ಕಡ್ಡಿ ಪಿನ್ನಿಗೆ, ಕೀ ಆನ್. ರೀಡಿಂಗ್ 0.02 ವೋಲ್ಟ್. ಅಂದರೆ ಅರ್ತ್ ಚೆನ್ನಾಗಿದೆ! ಆದರೆ ನನ್ನ ಗಾಡಿ ನಿಂತಾಗಲ್ಲ, ಕುಲುಕಿದಾಗ ಕೆಡುವಂಥದ್ದು. ಹಾಗಾಗಿ ಮೀಟರಿನ ಮೇಲೆ ಕಣ್ಣಿಟ್ಟು ವೈರಿಂಗನ್ನು ಹಿಂದಿನಿಂದ ಮುಂದಕ್ಕೆ ಗೇಣು ಗೇಣಾಗಿ ಅಲ್ಲಾಡಿಸುತ್ತ ಬಂದೆ. ಸೀಟಿನ ಕೆಳಗೆ ಏನಿಲ್ಲ. ಟ್ಯಾಂಕಿನ ಕೆಳಗೂ ಏನಿಲ್ಲ. ಹ್ಯಾಂಡಲಿನ ಕುತ್ತಿಗೆ ಹತ್ತಿರ, ಪ್ಲಾಸ್ಟಿಕ್ ಟೈ ಬಿಗಿದಿದ್ದ ಜಾಗದಲ್ಲಿ ಬೆರಳು ಒತ್ತಿದ್ದೇ ತಡ, ಮೀಟರು 4 ವೋಲ್ಟಿನ ಮೇಲಕ್ಕೆ ಹಾರಿತು. ಬಿಟ್ಟರೆ ಮತ್ತೆ ಸೊನ್ನೆ.

ಟೈ ಕತ್ತರಿಸಿ ಟೇಪು ಬಿಚ್ಚಿದೆ. ಅಂಟು ಕರಗಿ ಜಿನುಗುತ್ತಿತ್ತು. ಒಳಗೆ ಹಿತ್ತಾಳೆಯ ಪುಟ್ಟ ಕ್ಲಿಪ್ಪಿನಲ್ಲಿ ಅರ್ತ್ ವೈರುಗಳನ್ನೆಲ್ಲ ಸೇರಿಸಿ ಒತ್ತಿದ್ದರು. ಕ್ಲಿಪ್ಪಿನ ತುಂಬ ಹಸಿರು ಕಿಲುಬು. ಇಸಿಯು ಕಡೆಯ ವೈರನ್ನು ಮೆಲ್ಲಗೆ ಎಳೆದರೆ ಒಳಗೇ ಜಾರಾಡುತ್ತಿತ್ತು. ಕಿಲುಬು ತಾಮ್ರದೊಳಗೆ ಎಷ್ಟು ದೂರ ಏರಿದೆಯೋ ಅಷ್ಟನ್ನೂ ಕತ್ತರಿಸಿ, ಹೊಳೆಯುವ ತಾಮ್ರ ಕಂಡ ಮೇಲೆ ಸಣ್ಣ ತುಂಡು ವೈರು ಸೇರಿಸಿ ಹೊಸ ಕ್ಲಿಪ್ ಒತ್ತಿದೆ. ಬರೀ ಬೆಸುಗೆಯನ್ನು ನಾನು ನೆಚ್ಚುವುದಿಲ್ಲ. ಬೆಸುಗೆ ಮುಗಿಯುವ ಅಂಚಿನಲ್ಲಿ ವೈರು ಗಡುಸಾಗಿ, ಗಾಡಿಯ ನಡುಕಕ್ಕೆ ಅಲ್ಲೇ ಮುರಿಯುತ್ತದೆ. ಮೇಲೆ ಒಳಮೈಗೆ ಅಂಟು ಇರುವ ಹೀಟ್ ಶ್ರಿಂಕ್, ಅಂದರೆ ಬಿಸಿ ಮಾಡಿದರೆ ಬಿಗಿಯುವ ಕೊಳವೆ, ತೊಡಿಸಿ, ಜೋಡಣೆಯನ್ನು ಹ್ಯಾಂಡಲ್ ತಿರುಗಿದರೂ ಬಾಗದ ಜಾಗಕ್ಕೆ ಸರಿಸಿದೆ.

ಸೆನ್ಸರ್‌ಗಳನ್ನೂ ಒಮ್ಮೆ ನೋಡಿಬಿಟ್ಟೆ. ಥ್ರಾಟಲ್ ಮುಚ್ಚಿದಾಗ 0.6 ವೋಲ್ಟ್, ನಿಧಾನ ತಿರುಗಿಸಿದರೆ ಎಲ್ಲೂ ಎಡವದೆ 4.3ರವರೆಗೆ ಏರಿತು. ಬಿಸಿ ಸೆನ್ಸರಿನ ರೆಸಿಸ್ಟೆನ್ಸ್ ತಣ್ಣಗಿದ್ದಾಗ ಎರಡೂವರೆ ಸಾವಿರ ಓಮ್ ಹತ್ತಿರ, ಎಂಜಿನ್ ಕಾದ ಮೇಲೆ ಕೆಲವು ನೂರಕ್ಕೆ ಇಳಿಯಿತು. ಎಲ್ಲವೂ ಗಟ್ಟಿಮುಟ್ಟು. ಕೋಡ್ ಅಳಿಸಿ, ಎಂಜಿನ್ ಐಡ್ಲಿಂಗಿನಲ್ಲಿ ಬಿಟ್ಟು, ಹ್ಯಾಂಡಲನ್ನು ಎಡಬಲಕ್ಕೆ ಪೂರ್ತಿ ತಿರುಗಿಸಿ ವೈರಿಂಗ್ ಜಗ್ಗಾಡಿದರೂ ಲೈಟು ಬರಲಿಲ್ಲ. ಆಮೇಲೆ ತಗ್ಗುದಿಣ್ಣೆ ರಸ್ತೆಯಲ್ಲೂ ಬರಲಿಲ್ಲ.

ಮಸಿ ಹಿಡಿದ ಪ್ಲಗ್ ಬದಲಾಯಿಸುವಾಗ ಮ್ಯಾನ್ಯುಯಲ್ ಹೇಳಿದ ರೆಸಿಸ್ಟರ್ ಪ್ಲಗ್ಗನ್ನೇ ಹಾಕಿದೆ. ರೆಸಿಸ್ಟರ್ ಇಲ್ಲದ್ದನ್ನು ಹಾಕಿದರೆ ಕಿಡಿಯ ವಿದ್ಯುತ್ ಗದ್ದಲ ಇಸಿಯು ತನಕ ಹೋಗಿ, ಮೀಟರಿಗೆ ಸಿಗದ ತೊಂದರೆ ಕೊಡಬಹುದು.

ಇಷ್ಟೆಲ್ಲ ಬಿಚ್ಚಿದ್ದಕ್ಕೆ ಇನ್ನೊಂದು ಕೆಲಸವೂ ಕಣ್ಣಿಗೆ ಬಿತ್ತು. ಚಾರ್ಜಿಂಗ್ ವೋಲ್ಟೇಜ್ ಹದದಲ್ಲಿಡುವ ರೆಗ್ಯುಲೇಟರಿನ ಕಪ್ಲರಿನಲ್ಲಿ, ಕರೆಂಟು ಹುಟ್ಟಿಸುವ ಸ್ಟೇಟರಿನಿಂದ ಬರುವ ಮೂರು ಹಳದಿ ವೈರುಗಳಲ್ಲಿ ಒಂದರ ತುದಿಯ ಪ್ಲಾಸ್ಟಿಕ್ಕು ಕಂದು ತಿರುಗಿದೆ. ಎರಡೆರಡರ ನಡುವೆ ಎಸಿ ವೋಲ್ಟೇಜ್ ಸಮನಾಗಿಯೇ ಬರುತ್ತಿದೆ, ಯಾವುದೂ ಅರ್ತಿಗೆ ತಾಗಿಲ್ಲ. ಹಾಗಾಗಿ ಸ್ಟೇಟರ್ ಸರಿಯಿದೆ, ಸಡಿಲವಾದ ಟರ್ಮಿನಲ್ ಬಿಸಿಯಾಗುತ್ತಿದೆ ಅಷ್ಟೆ. ಹೊಸ ಕಪ್ಲರ್ ಬಂದ ಮೇಲೆ ಅದನ್ನು ಹಾಕಬೇಕು.