ನೀರು ನುಗ್ಗಿದ ಮನೆ, ಬೂಷ್ಟು ಹಿಡಿದ ಗೋಡೆ: ಕೊಡಗಿಗೆ ಹೊಸದಾಗಿ ಬಂದ ಕುಟುಂಬಗಳಿಗೆ

ವರ್ಗಾವಣೆ ಆದೇಶ ಹಿಡಿದು ಕೊಡಗಿಗೆ ಬರುವ ಶಿಕ್ಷಕರು, ಬ್ಯಾಂಕ್ ನೌಕರರು, ಪೊಲೀಸ್ ಸಿಬ್ಬಂದಿ ಹೆಚ್ಚಾಗಿ ಮಳೆ ಹಿಡಿಯುವ ಹೊತ್ತಿಗೇ ಬಂದು ಸಂಸಾರ ಹೂಡುತ್ತಾರೆ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಕಂಡ ವಿಜಯಪುರದವರಿಗೆ, 3,000 ಮಿ.ಮೀ. ದಾಟುವ ಮಡಿಕೇರಿಯಲ್ಲಿ ಜುಲೈ ತಿಂಗಳು ಕಳೆಯುವುದು ಹೇಗೆಂದು ಯಾರೂ ಮೊದಲೇ ಹೇಳಿರುವುದಿಲ್ಲ. ಹೆಂಚು ಸರಿದು ಸೋರುತ್ತದೆ, ಪಡುವಣ ಗೋಡೆ ಒಸರುತ್ತದೆ, ಬೀರುವಿನ ಹಿಂದೆ ಕಪ್ಪು ಚುಕ್ಕೆಗಳು ಏಳುತ್ತವೆ. ಕುಶಾಲನಗರದಲ್ಲಿ ಮಳೆ ಅಷ್ಟಿಲ್ಲ. ಆದರೆ ಅಲ್ಲಿ ಹೊಳೆಯೇ ಮನೆಗೆ ಬರುತ್ತದೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಅಲ್ಲಿನ ಬಡಾವಣೆಗಳು ಕಾವೇರಿ ನೀರಿನಲ್ಲಿ ನಿಂತಿದ್ದವು. 2019ರಲ್ಲಿ ಕರಡಿಗೋಡು, ನೆಲ್ಯಹುದಿಕೇರಿಯ ನದಿ ದಂಡೆಯ ಮನೆಗಳದ್ದೂ ಅದೇ ಪಾಡು.

ನಮ್ಮ ಸಂಘಕ್ಕೆ ಬರುವ ಹೊಸಬರು ಮೊದಲು ಕೇಳುವುದು ಒಂದೇ: ಬೂಷ್ಟಿಗೆ ಯಾವ ಔಷಧ ಹೊಡೆಯಬೇಕು? ನಮ್ಮ ಉತ್ತರವೂ ಒಂದೇ. ಔಷಧದ ಮಾತು ಆಮೇಲೆ, ಮೊದಲು ತೇವ ತೆಗೆಯಿರಿ. ಬೂಷ್ಟಿನ ಬೀಜಕಣಗಳು ಎಲ್ಲ ಊರಿನ ಗಾಳಿಯಲ್ಲೂ ಇವೆ. ಮರ, ಕಾಗದ, ಬಟ್ಟೆ, ಗೋಡೆಯ ಮೇಲಿನ ಧೂಳು ಎಲ್ಲವೂ ಅದಕ್ಕೆ ಆಹಾರ. ವಿಜಯಪುರದ ಮನೆಯಲ್ಲೂ ಇವೆಲ್ಲ ಇದ್ದವು, ನೀರು ಮಾತ್ರ ಇರಲಿಲ್ಲ. ನೀರಿನ ದಾರಿ ಮುಚ್ಚದೆ ಎಷ್ಟು ಉಜ್ಜಿದರೂ ಎರಡು ವಾರದಲ್ಲಿ ಅದೇ ಜಾಗದಲ್ಲಿ ಅದೇ ಕಲೆ ಮತ್ತೆ ಮೂಡುತ್ತದೆ.

ಒಳಗೆ ಕಾಲಿಡುವ ಮುನ್ನ

ನೆರೆ ಇಳಿದ ಮನೆಗೆ ಅವಸರದಿಂದ ನುಗ್ಗಬೇಡಿ. ಗೋಡೆಯಲ್ಲಿ ಹೊಸ ಬಿರುಕು ಬಿಟ್ಟಿದ್ದರೆ, ನಿನ್ನೆಯವರೆಗೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇಂದು ಸಿಕ್ಕಿಕೊಳ್ಳುತ್ತಿದ್ದರೆ, ಹಿತ್ತಲ ಬರೆಯಿಂದ (ಕಡಿದಾದ ಮಣ್ಣಿನ ದಿಬ್ಬದಿಂದ) ಕೆಸರು ನೀರು ಒಸರುತ್ತಿದ್ದರೆ, ಮರಗಳು ವಾಲಿದ್ದರೆ ಮನೆ ಬಿಟ್ಟು ಹೊರಡಿ, ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಕರೆ ಮಾಡಿ. 2018ರಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆಯಲ್ಲಿ ಗುಡ್ಡಗಳು ಜಾರಿದ್ದನ್ನು ಕಂಡ ಯಾರೂ ಇದನ್ನು ಹಗುರವಾಗಿ ಹೇಳುವುದಿಲ್ಲ.

ಮನೆ ಗಟ್ಟಿಯಾಗಿದೆ ಎಂದಾದರೆ ವಿದ್ಯುತ್ತಿನ ಕಡೆ ನೋಡಿ. ನೆಲ ಒಣಗಿದ್ದರೆ ಮಾತ್ರ ಮೇನ್ ಸ್ವಿಚ್ ಆರಿಸಿ. ನೀರಿನಲ್ಲಿ ನಿಂತು ಅದನ್ನು ಮುಟ್ಟಲೇಬಾರದು; ಇಲ್ಲಿನ ವಿದ್ಯುತ್ ಕಂಪನಿ ಚೆಸ್ಕಾಂನ ಲೈನ್‌ಮನ್‌ಗೆ ತಿಳಿಸಿ, ಇಲ್ಲವೇ 1912ಕ್ಕೆ ಕರೆ ಮಾಡಿ. ನೆನೆದ ಫ್ರಿಜ್, ಮಿಕ್ಸಿ, ಟಿವಿಗಳನ್ನು ಎಲೆಕ್ಟ್ರಿಷಿಯನ್ ನೋಡುವ ತನಕ ಚಾಲೂ ಮಾಡಬೇಡಿ. ಗಂಬೂಟು, ರಬ್ಬರ್ ಕೈಗವಸು ಹಾಕಿಕೊಳ್ಳಿ. ನೆರೆ ನೀರಿನಲ್ಲಿ ಚರಂಡಿಯೂ ಸೇರಿರುತ್ತದೆ. ಕಾಲಿನ ಸಣ್ಣ ಗಾಯದಿಂದಲೂ ಇಲಿ ಜ್ವರ ಹತ್ತಬಹುದು. ಕೆಲಸ ಮಾಡಿದ ನಂತರದ ದಿನಗಳಲ್ಲಿ ಜ್ವರ, ಮೀನಖಂಡದ ನೋವು ಬಂದರೆ ವೈದ್ಯರಿಗೆ ನೆರೆ ನೀರಿನ ವಿಷಯವನ್ನು ತಪ್ಪದೆ ಹೇಳಿ. ಮೂಲೆಯ ಚೀಲ, ಚಾಪೆಗಳನ್ನು ಕೋಲಿನಿಂದ ಸರಿಸಿ ನೋಡಿ. ನೀರಿನೊಂದಿಗೆ ಹಾವುಗಳೂ ಬರುತ್ತವೆ.

ಏನನ್ನೂ ಎಸೆಯುವ ಮೊದಲು ಫೋಟೋ ತೆಗೆಯಿರಿ. ಗೋಡೆಯ ಮೇಲೆ ನೀರು ನಿಂತ ಗೆರೆ, ಹಾಳಾದ ಸಾಮಾನು, ಎಲ್ಲವನ್ನೂ. ಪರಿಹಾರದ ಅರ್ಜಿಗೆ, ಸ್ಥಳ ಪರಿಶೀಲನೆಗೆ ಬರುವ ಗ್ರಾಮ ಆಡಳಿತ ಅಧಿಕಾರಿಗೆ ತೋರಿಸಲು, ವಿಮೆಯಿದ್ದರೆ ಅದಕ್ಕೆ, ಮನೆ ಮಾಲೀಕರೊಂದಿಗಿನ ಮಾತುಕತೆಗೆ ಇವೇ ಆಧಾರ.

ಬಿಸಿಲಿಲ್ಲದ ಊರಿನಲ್ಲಿ ಒಣಗಿಸುವುದು

ಒದ್ದೆಯಾದ ವಸ್ತುವಿನಲ್ಲಿ ಬೂಷ್ಟು ಬೇರೂರಲು 24ರಿಂದ 48 ಗಂಟೆ ಸಾಕು. ಆದ್ದರಿಂದ ಮೊದಲ ಎರಡು ದಿನಗಳ ಕೆಲಸ ಮುಂದಿನ ಎರಡು ತಿಂಗಳ ಕೆಲಸಕ್ಕಿಂತ ಮುಖ್ಯ. ಬಯಲುಸೀಮೆಯಲ್ಲಾದರೆ ಎಲ್ಲವನ್ನೂ ಅಂಗಳಕ್ಕೆ ಎಳೆದು ಹಾಕಿದರೆ ಮುಗಿಯಿತು. ಇಲ್ಲಿ ಕಕ್ಕಡ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಸೂರ್ಯ ಮುಖ ತೋರಿಸುವುದೇ ಅಪರೂಪ.

ಹೊಸಬರು ಎರಡು ತುದಿಗಳಿಗೆ ಹೋಗುತ್ತಾರೆ. ಕೆಲವರು ಕಿಟಕಿಗಳನ್ನೆಲ್ಲ ತೆರೆದು ಮಂಜನ್ನು ಒಳಗೆ ಕರೆಯುತ್ತಾರೆ. ಕೆಲವರು ಚಳಿಗೆ ಹೆದರಿ ಎಲ್ಲ ಮುಚ್ಚಿ, ಒಳಗೇ ಬಟ್ಟೆ ಒಣಹಾಕಿ, ಒಳಗೇ ಅನ್ನ ಬೇಯಿಸಿ ಹಬೆ ತುಂಬಿಸುತ್ತಾರೆ. ಎರಡರಿಂದಲೂ ಗೋಡೆ ಒಣಗುವುದಿಲ್ಲ. ಹೊರಗಿನ ತಣ್ಣನೆಯ ಗಾಳಿ ಒಳಗೆ ಬಂದು ಸ್ವಲ್ಪ ಬೆಚ್ಚಗಾದರೆ ಅದಕ್ಕೆ ಇನ್ನಷ್ಟು ತೇವ ಹೀರುವ ಶಕ್ತಿ ಬರುತ್ತದೆ. ಹಾಗೆ ಹೀರಿದ ಗಾಳಿಯನ್ನು ಹೊರಗೆ ಕಳಿಸಬೇಕು. ಅಂದರೆ ಬಿಸಿಯೂ ಬೇಕು, ಗಾಳಿಯಾಟವೂ ಬೇಕು, ಎರಡೂ ಒಟ್ಟಿಗೆ ಬೇಕು. ಹಳೆಯ ಮನೆಗಳಲ್ಲಿ ದಿನವಿಡೀ ಉರಿಯುತ್ತಿದ್ದ ಸೌದೆ ಒಲೆ ಮತ್ತು ಹೆಂಚಿನ ಸಂದುಗಳು ಸೇರಿ ಮಾಡುತ್ತಿದ್ದದ್ದು ಇದನ್ನೇ. ಈಗಿನ ಆರ್‌ಸಿಸಿ ಮನೆಯಲ್ಲಿ ಒಲೆಯೂ ಇಲ್ಲ, ಸಂದೂ ಇಲ್ಲ.

ನೀವು ಮಾಡಬೇಕಾದದ್ದು ಇಷ್ಟು. ಮಳೆ ಬಿಟ್ಟ ಗಳಿಗೆಯಲ್ಲಿ ಎದುರುಬದುರಿನ ಕಿಟಕಿ ತೆರೆದು ಫ್ಯಾನ್ ಹಾಕಿ. ಒದ್ದೆ ಕೋಣೆಯಲ್ಲಿ ಎಲೆಕ್ಟ್ರಿಕ್ ಹೀಟರ್ ಇಟ್ಟು, ಮಳೆ ಹೊಡೆಯದ ಕಡೆಯ ಕಿಟಕಿಯನ್ನು ನಾಲ್ಕು ಬೆರಳು ತೆರೆದಿಡಿ; ಅಡುಗೆಮನೆಯ ಮತ್ತು ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಓಡುತ್ತಿರಲಿ. ಆದರೆ ಗೋಡೆಯ ಮೇಲೆ ಬೂಷ್ಟು ಆಗಲೇ ದಟ್ಟವಾಗಿದ್ದರೆ ಫ್ಯಾನನ್ನು ಅದರತ್ತ ತಿರುಗಿಸಬೇಡಿ, ಕಣಗಳು ಮನೆಯೆಲ್ಲ ಹರಡುತ್ತವೆ. ತೇವ ಹೀರುವ ಯಂತ್ರ ಕೊಳ್ಳುವ ಶಕ್ತಿಯಿದ್ದರೆ ಅದು ದಂಡವಲ್ಲ; ಅದನ್ನು ಓಡಿಸುವಾಗ ಮಾತ್ರ ಕಿಟಕಿ ಪೂರ್ತಿ ಮುಚ್ಚಿ, ಕೋಣೆ ಬೆಚ್ಚಗಿರಲಿ, ಏಕೆಂದರೆ ಚಳಿಯಲ್ಲಿ ಅದರ ಕೆಲಸ ನಿಧಾನ. ಗಾಳಿಯ ತೇವ ಅಳೆಯುವ ಸಣ್ಣ ಮಾಪಕವೊಂದನ್ನು ತಂದಿಡಿ. ಅದು 60 ಶೇಕಡಕ್ಕಿಂತ ಕೆಳಗಿಳಿದರೆ ಬೂಷ್ಟಿಗೆ ಬದುಕು ಕಷ್ಟ. ಮಳೆಗಾಲದಲ್ಲಿ ಇಡೀ ಮನೆಯನ್ನು ಅಲ್ಲಿಗೆ ತರಲಾಗದಿದ್ದರೆ ಒಂದು ಕೋಣೆಯನ್ನಾದರೂ ತನ್ನಿ. ಹಾಸಿಗೆ, ಬಟ್ಟೆ, ಪುಸ್ತಕ ಅಲ್ಲಿಗೆ ಹೋಗಲಿ.

ಕೈಮುಗಿದು ಕೇಳುವ ಮಾತೊಂದಿದೆ. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗಬೇಡಿ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ; ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ಗ್ಯಾಸ್ ಒಲೆ ಉರಿಸಿ ಕೋಣೆ ಒಣಗಿಸುವುದೂ ಬೇಡ. ಅಪಾಯ ಒಂದೆಡೆಯಾದರೆ, ಗ್ಯಾಸ್ ಉರಿದಾಗ ನೀರಾವಿ ಹುಟ್ಟಿ ತೇವ ಇನ್ನೂ ಹೆಚ್ಚುತ್ತದೆ. ಬೀರುವಿನೊಳಗೆ ಬಲ್ಬ್ ಉರಿಸುವ ಹಳೆಯ ಉಪಾಯ ಕೆಲಸ ಮಾಡುತ್ತದೆ ನಿಜ, ಆದರೆ ಬಟ್ಟೆ ತಗುಲಿ ಬೆಂಕಿ ಹೊತ್ತಬಹುದು.

ಬೂಷ್ಟನ್ನು ಉಜ್ಜಿ ತೆಗೆಯುವುದು

ಗೋಡೆಯ ಮೇಲೆ ಬಿಳಿಯದೇನೋ ಕಂಡ ಕೂಡಲೇ ಬೂಷ್ಟೆಂದು ತೀರ್ಮಾನಿಸಬೇಡಿ. ಬೆರಳ ತುದಿಯಿಂದ ಒಂದು ಹನಿ ನೀರು ತಾಗಿಸಿ. ಕರಗಿ ಮಾಯವಾದರೆ ಅದು ಗಾರೆಯೊಳಗಿನಿಂದ ತೇವದ ಜೊತೆ ಹೊರಬಂದ ಉಪ್ಪು. ಒಣ ಬ್ರಷ್‌ನಿಂದ ಉದುರಿಸಿದರೆ ಸಾಕು. ಕರಗದೆ ಒದ್ದೆ ಅರಳೆಯ ಹಾಗೆ ಮುದ್ದೆಯಾಗಿ ಉಳಿದರೆ, ಮುಗ್ಗಲು ವಾಸನೆ ಬಂದರೆ ಬೂಷ್ಟು. ಉಪ್ಪಾದರೂ ಸಮಾಧಾನಪಡಬೇಡಿ, ಆ ಗೋಡೆಯೊಳಗೆ ನೀರು ಹರಿಯುತ್ತಿದೆ ಎಂದೇ ಅರ್ಥ.

ಬೂಷ್ಟು ಹಿಡಿದ ಜಾಗ ಸುಮಾರು ಮೂರಡಿ ಉದ್ದ, ಮೂರಡಿ ಅಗಲದೊಳಗೆ ಇದ್ದರೆ ನೀವೇ ತೆಗೆಯಬಹುದು. ಅದಕ್ಕಿಂತ ಹೆಚ್ಚಿದ್ದರೆ ಅನುಭವವಿರುವ ಕೆಲಸಗಾರರನ್ನು ಕರೆಸಿ. ಎನ್95 ಮುಖಗವಸು, ಕೈಗವಸು, ಕಣ್ಣಿಗೆ ಕನ್ನಡಕ ಕಡ್ಡಾಯ; ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಆಸ್ತಮಾ ಇರುವವರು, ಮಕ್ಕಳು, ವೃದ್ಧರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಆ ದಿನ ಬೇರೆ ಮನೆಯಲ್ಲಿರಲಿ. ಒಣ ಪೊರಕೆ ಹಾಕಬೇಡಿ. ಮೊದಲು ನೀರು ಚಿಮುಕಿಸಿ ಕಣಗಳನ್ನು ಕೂರಿಸಿ, ಸೋಪಿನ ಪುಡಿ ಕಲಸಿದ ನೀರಿನಲ್ಲಿ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ, ತಕ್ಷಣ ಒಣಗಿಸಿ. ನೆರೆ ನೀರು ನಿಂತ ಗೋಡೆಯಾದರೆ ಗೆರೆಗಿಂತ ಒಂದೆರಡು ಅಡಿ ಮೇಲಿನವರೆಗೂ ನೋಡಿ. ಇಟ್ಟಿಗೆ ನೀರನ್ನು ಮೇಲಕ್ಕೆ ಎಳೆದುಕೊಂಡಿರುತ್ತದೆ.

ಬ್ಲೀಚ್ ಬೇಕೇ? ಟೈಲ್ಸ್, ಗಾಜು, ಲೋಹದಂಥ ನೀರು ಹೀರದ ಮೇಲ್ಮೈಗೆ, ಸೋಪಿನಿಂದ ತೊಳೆದ ಮೇಲೆ ಹಚ್ಚಬಹುದು. ಮನೆಬಳಕೆಯ ದ್ರವ ಬ್ಲೀಚ್ ನಾಲ್ಕು ಲೀಟರ್ ನೀರಿಗೆ ಒಂದು ಲೋಟ, ಅಂದರೆ 240 ಮಿ.ಲೀ. ಮೀರದಿರಲಿ. ಮರಕ್ಕೆ, ಪ್ಲೈವುಡ್‌ಗೆ ಇದರಿಂದ ಹೆಚ್ಚು ಪ್ರಯೋಜನವಿಲ್ಲ: ಮೇಲಿನ ಬಣ್ಣ ಬಿಳುಚುತ್ತದೆ, ಒಳಗಿನ ಬೇರು ಉಳಿಯುತ್ತದೆ. ಸತ್ತ ಬೂಷ್ಟೂ ಅಲರ್ಜಿ ತರುತ್ತದೆ, ಆದ್ದರಿಂದ ಸಾಯಿಸುವುದಲ್ಲ, ತೆಗೆದುಹಾಕುವುದು ಮುಖ್ಯ. ಬ್ಲೀಚ್ ಜೊತೆ ಶೌಚಾಲಯ ತೊಳೆಯುವ ಆಸಿಡ್, ವಿನೆಗರ್, ಅಮೋನಿಯಾ ಇರುವ ಯಾವ ದ್ರವವನ್ನೂ ಎಂದಿಗೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಕಿಟಕಿ ತೆರೆದಿರಲಿ. ನೆರೆ ನೀರು ಸೇರಿದ ಬಾವಿಗೆ ಬ್ಲೀಚಿಂಗ್ ಪುಡಿ ಎಷ್ಟು ಹಾಕಬೇಕೆಂದು ಆರೋಗ್ಯ ಸಿಬ್ಬಂದಿ ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿ. ಅಲ್ಲಿಯವರೆಗೆ ಬೇರೆ ನೀರು ಕುಡಿಯಿರಿ.

ಗೋಡೆಯ ಮೇಲಿನ ಕಪ್ಪು ಕಲೆ ಕಂಡು, 2021ರಲ್ಲಿ ಕೋವಿಡ್ ಜೊತೆ ಬಂದ ಕಪ್ಪು ಶಿಲೀಂಧ್ರ ಇದೇ ಎಂದು ಹೆದರುವವರಿದ್ದಾರೆ. ಅದು ಮ್ಯೂಕರ್ಮೈಕೋಸಿಸ್ ಎಂಬ ಬೇರೆಯೇ ಸೋಂಕು. ಬಣ್ಣ ನೋಡಿ ಅಪಾಯ ಅಳೆಯಲಾಗದು. ಹಸಿರಿರಲಿ, ಕಪ್ಪಿರಲಿ, ತೆಗೆಯುವ ವಿಧಾನ ಒಂದೇ.

ಯಾವುದನ್ನು ಉಳಿಸುವುದು, ಯಾವುದನ್ನು ಬಿಡುವುದು

ಎರಡು ದಿನಕ್ಕಿಂತ ಹೆಚ್ಚು ನೆನೆದ ಹತ್ತಿ ಹಾಸಿಗೆ, ಫೋಮ್, ದಿಂಬು, ಸೋಫಾ, ಉಬ್ಬಿದ ಪ್ಲೈವುಡ್ ಇವನ್ನು ಬಿಡಲೇಬೇಕು. ಮದುವೆಯಲ್ಲಿ ತವರಿನಿಂದ ಬಂದ ಹಾಸಿಗೆಯನ್ನು ಎಸೆಯುವುದು ಎಷ್ಟು ಕಷ್ಟವೆಂದು ಬಲ್ಲೆವು. ಆದರೂ ಮಗು ಅದರ ಮೇಲೆ ಮಲಗಬಾರದು. ಗಟ್ಟಿ ಮರದ ಸಾಮಾನು, ಸ್ಟೀಲ್, ಪ್ಲಾಸ್ಟಿಕ್ ತೊಳೆದರೆ ಉಳಿಯುತ್ತವೆ. ಬಟ್ಟೆಗಳನ್ನು ಹೊರಗೆ ಕೊಡವಿ, ತಾಳುವಂಥವನ್ನು ಬಿಸಿನೀರಿನಲ್ಲಿ ಒಗೆಯಿರಿ.

ಅಂಕಪಟ್ಟಿ, ಪಹಣಿ, ಸೇವಾ ಪುಸ್ತಕದ ಪ್ರತಿ ನೆನೆದಿದ್ದರೆ ಹಾಳೆಗಳನ್ನು ಬಲವಂತವಾಗಿ ಬಿಡಿಸಬೇಡಿ. ನಡುನಡುವೆ ಅಚ್ಚಿಲ್ಲದ ಬಿಳಿ ಕಾಗದ ಇಟ್ಟು, ಅದು ನೆನೆದಂತೆಲ್ಲ ಬದಲಿಸಿ. ಒಂದೇ ದಿನದಲ್ಲಿ ಆಗದಷ್ಟು ಕಾಗದವಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಫ್ರೀಜರ್‌ಗೆ ಹಾಕಿ. ಅಲ್ಲಿ ಬೂಷ್ಟು ಬೆಳೆಯದು, ಬಿಡುವಾದಾಗ ಒಂದೊಂದಾಗಿ ತೆಗೆದು ಒಣಗಿಸಬಹುದು. ಹಸಿ ಕಾಗದವನ್ನು ಲ್ಯಾಮಿನೇಟ್ ಮಾಡಿಸಬೇಡಿ.

ಅಡುಗೆಮನೆಯಲ್ಲಿ ಕನಿಕರ ಬೇಡ. ಊರಿನಿಂದ ತಂದ ಶೇಂಗಾ, ಕಡಕ್ ರೊಟ್ಟಿ, ಒಣ ಕೊಬ್ಬರಿ, ಮೆಣಸಿನಕಾಯಿ ಈ ಹವೆಯಲ್ಲಿ ಬಹುಬೇಗ ಬೂಷ್ಟು ಹಿಡಿಯುತ್ತವೆ. ಶೇಂಗಾ, ಧಾನ್ಯಗಳ ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷ ಬಿಡಬಹುದು. ಅದು ಯಕೃತ್ತಿಗೆ ಹಾನಿ, ಹುರಿದರೂ ಬೇಯಿಸಿದರೂ ಪೂರ್ತಿ ಹೋಗದು. ತೊಳೆದು ಬಳಸುವ, ದನಕ್ಕೆ ಹಾಕುವ ಯೋಚನೆ ಬಿಟ್ಟು ಗುಂಡಿಗೆ ಹಾಕಿ. ಮಳೆಗಾಲದಲ್ಲಿ ಸ್ವಲ್ಪಸ್ವಲ್ಪವೇ ತರಿಸಿಕೊಳ್ಳಿ.

ಮತ್ತೆ ಬಾರದಂತೆ

ಬೀರು, ಮಂಚಗಳನ್ನು ಪಡುವಣದ ಹೊರಗೋಡೆಗೆ ಒರಗಿಸದೆ ಒಳಗೋಡೆಯ ಕಡೆ, ಅರ್ಧ ಅಡಿ ಬಿಟ್ಟು ಇಡಿ. ಮಳೆಗೆ ಮೊದಲು, ಮೇ ತಿಂಗಳಲ್ಲೇ ಹೆಂಚು ನೋಡಿಸಿ, ದಂಬೆಯಲ್ಲಿ (ಸೂರಿನ ನೀರು ಹರಿಯುವ ದೋಣಿಯಲ್ಲಿ) ಸೇರಿದ ಎಲೆ ತೆಗೆಸಿ, ಎರಚಲು ಹೊಡೆಯುವ ಗೋಡೆಗೆ ತಗಡು ಅಥವಾ ಟಾರ್ಪಾಲು ಕಟ್ಟಿಸಿ. ಬಾಡಿಗೆ ಮನೆಯಾದರೆ ಸೋರುವ ವಿಷಯವನ್ನು ಮಾಲೀಕರಿಗೆ ಫೋಟೋ ಸಹಿತ ಬರೆದು ತಿಳಿಸಿ, ಬಾಯಿಮಾತಿಗೆ ಬಿಡಬೇಡಿ. ಹೊಸ ಮನೆ ನೋಡುವವರು ಆದಷ್ಟೂ ಜುಲೈನಲ್ಲಿ ನೋಡಿ. ಜನವರಿಯಲ್ಲಿ ಕೊಡಗಿನ ಎಲ್ಲ ಮನೆಗಳೂ ಚೆನ್ನಾಗಿಯೇ ಕಾಣುತ್ತವೆ.

ಬಣ್ಣ ಬಳಿದು ಬೂಷ್ಟು ಮುಚ್ಚುವುದು ಎಲ್ಲಕ್ಕಿಂತ ಹೆಚ್ಚು ಹಣ ಹಾಳು ಮಾಡುವ ಕೆಲಸ. ಗಣೇಶ ಹಬ್ಬಕ್ಕೆ ಮನೆ ಚೆಂದವಿರಲಿ ಎಂದು ಸೆಪ್ಟೆಂಬರ್‌ನಲ್ಲಿ ಬಳಿದ ಪ್ಲಾಸ್ಟಿಕ್ ಪೇಂಟು ಒಳಗಿನ ತೇವವನ್ನು ಕಟ್ಟಿಹಾಕಿ, ಗುಳ್ಳೆಯೆದ್ದು ಸಿಪ್ಪೆ ಸುಲಿಯುತ್ತದೆ. ನವೆಂಬರ್ ಕೊನೆ ಇಲ್ಲವೇ ಡಿಸೆಂಬರ್‌ನಲ್ಲಿ ಬರುವ ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಕಳೆಯುವವರೆಗೆ ಕಾಯಿರಿ. ಆಮೇಲೆ ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಗೋಡೆ ಇನ್ನೂ ಒಣಗಿಲ್ಲ. ಎರಡು ವಾರ ಬಿಟ್ಟು ಮತ್ತೆ ಅಂಟಿಸಿ ನೋಡಿ. ಹನಿಯಿಲ್ಲದಿದ್ದರೆ ಬಳಿಯಬಹುದು. ಹಳೆಯ ಮಣ್ಣಿನ ಅಥವಾ ಇಟ್ಟಿಗೆಯ ಗೋಡೆಗೆ ಸುಣ್ಣವೇ ಲೇಸು: ಅದು ಗೋಡೆಯ ತೇವವನ್ನು ಹೊರಬಿಡುತ್ತದೆ, ಅದರ ಕ್ಷಾರಗುಣದಿಂದ ಬೂಷ್ಟೂ ಸುಲಭವಾಗಿ ಹತ್ತುವುದಿಲ್ಲ.