ಒಂದೇ ಕಂಪನಿಯ ಷೇರು 25-30 ವರ್ಷ ಇಟ್ಟುಕೊಂಡರೆ ನಿಜವಾಗಿ ಸಿಕ್ಕಿದ್ದೆಷ್ಟು? ಲೆಕ್ಕ ಹಾಕುವುದು ಹೀಗೆ

ಬೆಂಗಳೂರಿನಲ್ಲಿ ಮದುವೆ ಊಟಕ್ಕೆ ಕೂತರೆ ಪಕ್ಕದ ಎಲೆಯವರು ಯಾರಾದರೂ ಇನ್ಫೋಸಿಸ್ ಷೇರಿನ ಮಾತು ತೆಗೆದೇ ತೆಗೆಯುತ್ತಾರೆ. "ಆಗ ನೂರು ಷೇರು ತಗೊಂಡಿದ್ರೆ ಈಗ ಕೋಟಿಗಟ್ಟಲೆ" ಅಂತ. ಮಾತು ನಿಜವೇ. ಆದರೆ ಲೆಕ್ಕವನ್ನು ಪೂರ್ತಿ ಹಾಕಿ ನೋಡಿದವರು ಕಡಿಮೆ, ಅರ್ಧ ಲೆಕ್ಕ ನಂಬಿಕೊಂಡು ಇದ್ದಬದ್ದ ಉಳಿತಾಯವನ್ನೆಲ್ಲ ಒಂದೇ ಕಂಪನಿಗೆ ಸುರಿದವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಒಂದು ಭಾನುವಾರ ಬೆಳಿಗ್ಗೆ ಕೂತರೆ ಮುಗಿಯುವ ಕೆಲಸ.

ಮೊದಲು ಬೆಲೆ ನೋಡಬೇಡಿ, ಷೇರು ಎಣಿಸಿ.

ಇನ್ಫೋಸಿಸ್ 1993ರಲ್ಲಿ ಜನರಿಗೆ ಷೇರು ಕೊಟ್ಟಾಗ ಒಂದರ ಬೆಲೆ 95 ರೂಪಾಯಿ. ಆಗ ಅದನ್ನು ಕೊಳ್ಳುವವರೇ ಸಾಕಷ್ಟು ಸಿಗಲಿಲ್ಲ. 100 ಷೇರಿಗೆ 9,500 ರೂಪಾಯಿ ಕೊಟ್ಟವರ ಕಥೆ ಮುಂದೆ ಹೀಗೆ ಹೋಗುತ್ತದೆ. 1994ರಲ್ಲಿ ಒಂದಕ್ಕೊಂದು ಬೋನಸ್, ಅಂದರೆ ಇದ್ದ ಒಂದೊಂದು ಷೇರಿಗೂ ಇನ್ನೊಂದು ಪುಕ್ಕಟೆ, 200 ಆಯ್ತು. 1997ರಲ್ಲಿ ಮತ್ತೆ ಹಾಗೇ, 400. 1999ರಲ್ಲಿ 800. 2000ದಲ್ಲಿ 10 ರೂಪಾಯಿ ಮುಖಬೆಲೆಯನ್ನು 5 ಮಾಡಿದರು, ಅಂದರೆ ಒಂದೊಂದು ಷೇರನ್ನೂ ಎರಡಾಗಿ ಒಡೆದರು, 1,600. 2004ರಲ್ಲಿ ಒಂದಕ್ಕೆ ಮೂರು ಬೋನಸ್, 6,400. ಆಮೇಲೆ 2006, 2014, 2015, 2018, ನಾಲ್ಕು ಸಲವೂ ಒಂದಕ್ಕೊಂದು. ಕೊನೆಗೆ ಕೈಯಲ್ಲಿರುವುದು 1,02,400 ಷೇರು.

ಲೆಕ್ಕಕ್ಕೆ ಈಗಿನ ಬೆಲೆ 1,500 ಎಂದಿಟ್ಟುಕೊಳ್ಳಿ, 32 ವರ್ಷ ಅನ್ನಿ. ಬೋನಸ್ ಮರೆತು ಸುಮ್ನೆ 95 ರೂಪಾಯಿ 1,500 ಆಯ್ತು ಎಂದು ನೋಡಿದರೆ ವರ್ಷಕ್ಕೆ ಶೇ. 9 ಬರುತ್ತದೆ, ಅಂದರೆ ಒಳ್ಳೆಯ ಎಫ್‌ಡಿ ಇದ್ದಂತೆ. ಎಲ್ಲ ಷೇರೂ ಎಣಿಸಿದರೆ 15 ಕೋಟಿ 36 ಲಕ್ಷ, ವರ್ಷಕ್ಕೆ ಸುಮಾರು ಶೇ. 35. ಡಿವಿಡೆಂಡ್, ಅಂದರೆ ಕಂಪನಿ ತನ್ನ ಲಾಭದಲ್ಲಿ ಷೇರುದಾರರಿಗೆ ಹಂಚುವ ದುಡ್ಡು, ಇನ್ನೂ ಸೇರಿಸಿಲ್ಲ. ವರ್ಷಕ್ಕೆ ಶೇ. ಎಷ್ಟು ಎಂಬ ಈ ಲೆಕ್ಕ ಹಾಕುವುದು ಕಷ್ಟವಲ್ಲ: ಈಗಿನ ಮೊತ್ತವನ್ನು ಹಾಕಿದ ಮೊತ್ತದಿಂದ ಭಾಗಿಸಿ, ಬಂದಿದ್ದಕ್ಕೆ 1/32ರ ಘಾತ ಹಾಕಿ, 1 ಕಳೆಯಿರಿ. ಮೊಬೈಲ್ ಕ್ಯಾಲ್ಕುಲೇಟರ್ ಅಡ್ಡ ಹಿಡಿದರೆ ಘಾತದ ಗುಂಡಿ ಕಾಣುತ್ತದೆ.

ಈಗ ಅದೇ ಕಂಪನಿ, ಬೇರೆ ವರ್ಷ. 2000ದ ಮಾರ್ಚ್‌ನಲ್ಲಿ ಐಟಿ ಷೇರಿನ ಹುಚ್ಚು ನೆತ್ತಿಗೇರಿದ್ದಾಗ ಇದರ ಬೆಲೆ 10 ಸಾವಿರ ದಾಟಿತ್ತು. ಮುಖಬೆಲೆ 5 ಆದ ಮೇಲೆ 10 ಸಾವಿರದಂತೆ 100 ಷೇರು ಕೊಂಡವರು ಹಾಕಿದ್ದು 10 ಲಕ್ಷ. ಅವರ 100 ಈಗ 6,400. ಅದೇ 1,500ರ ಬೆಲೆಗೆ 96 ಲಕ್ಷ, 25 ವರ್ಷದಲ್ಲಿ ವರ್ಷಕ್ಕೆ ಶೇ. 9.5ರ ಹತ್ತಿರ. ಕಂಪನಿ ಒಂದೇ, ಆಡಳಿತ ಒಂದೇ, ಬೋನಸ್ ಒಂದೇ. ಕೊಂಡ ದಿನ ಮಾತ್ರ ಬೇರೆ. ಯಾರಾದರೂ "ಆ ಷೇರು ಇಷ್ಟು ಪಟ್ಟು ಆಯ್ತು" ಅಂದರೆ ಮೊದಲು ಕೇಳಬೇಕಾದ್ದು, ಯಾವತ್ತು ಕೊಂಡಿದ್ದು ಅಂತ.

ನಿಜ ಜೀವನದಲ್ಲಿ ಯಾರೂ ಒಂದೇ ದಿನ ಕೊಂಡು 30 ವರ್ಷ ಮುಟ್ಟದೆ ಇಡುವುದಿಲ್ಲ, ಅಲ್ವಾ? ಹನುಮಂತನಗರದ ನನ್ನ ಸೋದರಮಾವನ ಲೆಕ್ಕವನ್ನು ನಾನೇ ಕೂತು ಬಿಡಿಸಿದೆ. ಗಾಡ್ರೇಜ್ ಬೀರುವಿನ ಒಳಗಿನ ಲಾಕರಿನಲ್ಲಿ ಒಂದು ಹಳೆಯ ಎಲ್‌ಐಸಿ ಡೈರಿ, ಅದರ ಹಿಂದಿನ ಪುಟದಲ್ಲಿ ಪೆನ್ಸಿಲ್‌ನಲ್ಲಿ ಎಲ್ಲ ಬರೆದಿಟ್ಟಿದ್ದರು. 1998ರಲ್ಲಿ 20 ಇನ್ಫೋಸಿಸ್ ಷೇರು. 2006ರ ಬೋನಸ್ ಹೊತ್ತಿಗೆ ಅದು 640. 2007ರಲ್ಲಿ ಮಗಳ ಮದುವೆಗೆ 400 ಮಾರಿದರು. ಉಳಿದ 240 ಈಗ 1,920 ಆಗಿದೆ. "ಮಾರದೇ ಇದ್ದಿದ್ರೆ ಆ ನಾನ್ನೂರೇ ಮೂರು ಸಾವಿರದ ಇನ್ನೂರು ಆಗ್ತಿತ್ತು ಕಣೋ" ಎಂದು ಇಷ್ಟು ವರ್ಷ ಕೊರಗುತ್ತಲೇ ಇದ್ದರು. ಮಾರಿ ಬಂದ ದುಡ್ಡೂ ಲಾಭವೇ ಎನ್ನುವುದು ಅವರ ಲೆಕ್ಕದಲ್ಲಿ ಇರಲೇ ಇಲ್ಲ. ಸಾಲ ಮಾಡದೆ ಮದುವೆ ಮುಗಿಸಿದ್ದು ಆ ದುಡ್ಡಿನಲ್ಲಿ!

ಇಂಥ ಲೆಕ್ಕಕ್ಕೆ ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಲ್ಲಿರುವ ಎಕ್ಸ್‌ಐಆರ್‌ಆರ್ (XIRR) ಬೇಕು, ಬೇರೆ ಬೇರೆ ತಾರೀಕಿಗೆ ಹೋದ ಬಂದ ದುಡ್ಡಿನಿಂದ ವರ್ಷಕ್ಕೆ ಶೇ. ಎಷ್ಟು ಬಂತು ಎಂದು ತೆಗೆದುಕೊಡುವ ಸೂತ್ರ ಅದು. ಒಂದು ಕಾಲಂನಲ್ಲಿ ತಾರೀಕು, ಪಕ್ಕದಲ್ಲಿ ಮೊತ್ತ. ಕೊಂಡಾಗ ಕೊಟ್ಟ ದುಡ್ಡಿಗೆ ಮೈನಸ್ ಗುರುತು. ಮಾರಿ ಬಂದಿದ್ದು, ಬ್ಯಾಂಕಿಗೆ ಬಿದ್ದ ಪ್ರತಿ ಡಿವಿಡೆಂಡ್ ಎಲ್ಲ ಪ್ಲಸ್. ಕೊನೆಯ ಸಾಲಿನಲ್ಲಿ ಇವತ್ತಿನ ತಾರೀಕು, ಉಳಿದ ಷೇರಿನ ಇವತ್ತಿನ ಬೆಲೆ. ಬೋನಸ್ ಬಂದ ದಿನ ಏನೂ ಬರೆಯಬೇಡಿ, ಅವತ್ತು ದುಡ್ಡು ಬಂದಿಲ್ಲ, ಷೇರಿನ ಸಂಖ್ಯೆ ಮಾತ್ರ ಜಾಸ್ತಿಯಾಗಿದೆ. ತುಂಬ ಜನ ತಪ್ಪುವುದು ಇಲ್ಲೇ. ಹಳೇ ಡಿವಿಡೆಂಡ್ ಹುಡುಕಲು ಪಾಸ್‌ಬುಕ್ ತಿರುವಿ ಹಾಕಿ; ಪಾಸ್‌ಬುಕ್ ಇಲ್ಲದಿದ್ದರೆ ಕಂಪನಿಯ ವೆಬ್‌ಸೈಟ್‌ನಲ್ಲಿ ಯಾವ ವರ್ಷ ಷೇರಿಗೆ ಎಷ್ಟು ಕೊಟ್ಟರು ಎಂಬ ಪಟ್ಟಿ ಇರುತ್ತದೆ, ಆಗ ನಿಮ್ಮ ಬಳಿ ಎಷ್ಟು ಷೇರಿತ್ತೋ ಅದರಿಂದ ಗುಣಿಸಿ.

ಬಂದ ಅಂಕಿಯನ್ನು ಹಾಗೇ ನೋಡಿ ಖುಷಿಪಡಬೇಡಿ. ಅದೇ ತಾರೀಕಿಗೆ ಅದೇ ದುಡ್ಡನ್ನು ನಿಫ್ಟಿ 50ರಲ್ಲಿ, ಅಂದರೆ ದೇಶದ 50 ದೊಡ್ಡ ಕಂಪನಿಗಳ ಷೇರಿನ ಸೂಚ್ಯಂಕದಲ್ಲಿ, ಹಾಕಿದ್ದರೆ ಏನಾಗುತ್ತಿತ್ತು ಎಂದು ಪಕ್ಕದಲ್ಲೇ ಹಾಕಿ ನೋಡಿ. ಅದಕ್ಕೆ ಸಾದಾ ನಿಫ್ಟಿ ಬೇಡ, ಡಿವಿಡೆಂಡ್ ಸೇರಿಸಿದ ನಿಫ್ಟಿ 50 ಟಿಆರ್‌ಐ ತಗೊಳ್ಳಿ. 1999ರ ಜೂನ್‌ನಿಂದ ಸಿಗುತ್ತದೆ.

ಇನ್ನೊಂದು ಕೆಲಸ, ಯಾರಿಗೂ ಇಷ್ಟವಾಗದ್ದು. ಮುಳುಗಿದ ಷೇರನ್ನೂ ಪಟ್ಟಿಗೆ ಸೇರಿಸಬೇಕು. ಮಾವನ ಬೀರುವಿನಲ್ಲಿ ಇನ್ನೊಂದು ಪ್ಲಾಸ್ಟಿಕ್ ಕವರ್ ಇತ್ತು. ಒಳಗೆ ಬೇರೊಂದು ಕಂಪನಿಯ ಷೇರು ಪತ್ರಗಳು, ಅಂಚಿನಲ್ಲಿ ಹಸಿರು ಬಳ್ಳಿಯ ಚಿತ್ರ, ಮಡಿಸಿದ ಕಡೆ ಹಳದಿಯಾಗಿ ಹರಿಯುವ ಹಾಗಿತ್ತು. ಆ ಕಂಪನಿ ಮುಚ್ಚಿ ಎಷ್ಟೋ ಕಾಲ ಆಗಿದೆ. ಮಾವ ಅದರ ಮಾತೇ ಎತ್ತಿರಲಿಲ್ಲ. ನಾನು ಅದಕ್ಕೂ ಒಂದು ಸಾಲು ಹಾಕಿದೆ, ಕೊನೆಯ ಬೆಲೆ ಸೊನ್ನೆ. ಎರಡನ್ನೂ ಸೇರಿಸಿದ ಮೇಲೆ ಬಂದ ಅಂಕಿಯೇ ಅವರ ನಿಜವಾದ ಗಳಿಕೆ. ನಮ್ಮ ಊರಿನದೇ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿತು, ಐಟಿ ಕಂಪನಿ ಸತ್ಯಂನ ಷೇರು 2009ರ ಜನವರಿ 7ರಂದು ಒಂದೇ ದಿನದಲ್ಲಿ ಮುಕ್ಕಾಲು ಭಾಗ ಬೆಲೆ ಕಳೆದುಕೊಂಡಿತು. ಕೊಂಡ ದಿನ ಇವೂ ಯಾರಿಗೋ "ಭವಿಷ್ಯದ ಷೇರು" ಆಗಿದ್ದವು.

ಐಟಿಯಲ್ಲಿರುವವರಿಗೆ ಒಂದು ಮಾತು ಹೇಳಲೇಬೇಕು. ನೀವು ಕೆಲಸ ಮಾಡುವ ಕಂಪನಿಯೇ ಷೇರನ್ನೂ ಕೊಡುತ್ತದೆ, ಸಂಬಳವೂ ಅಲ್ಲಿಂದಲೇ, ವೈಟ್‌ಫೀಲ್ಡ್‌ನಲ್ಲೋ ಸರ್ಜಾಪುರ ರಸ್ತೆಯಲ್ಲೋ ಕೊಂಡ ಫ್ಲಾಟಿನ ಬೆಲೆ ಮತ್ತು ಇಎಂಐ ಎರಡೂ ಅದೇ ಉದ್ಯಮ ನೆಚ್ಚಿಕೊಂಡಿವೆ. ಉದ್ಯಮ ಕೆಮ್ಮಿದರೆ ನಾಲ್ಕೂ ಒಟ್ಟಿಗೆ ಮಲಗುತ್ತವೆ. ಒಟ್ಟು ಉಳಿತಾಯದ ಹತ್ತರಲ್ಲೊಂದು ಭಾಗಕ್ಕಿಂತ ಜಾಸ್ತಿ ಒಂದೇ ಷೇರಿನಲ್ಲಿ ಇರಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೈಗೆ ಬಂದಾಗಲೆಲ್ಲ ಸ್ವಲ್ಪ ಮಾರಿ ಬೇರೆ ಕಡೆ ಹಾಕಿ.

ಮಾರುವಾಗ ತೆರಿಗೆ ನೆನಪಿರಲಿ. ವರ್ಷ ದಾಟಿದ ಷೇರಿನ ಲಾಭ ಒಂದು ಹಣಕಾಸು ವರ್ಷದಲ್ಲಿ 1.25 ಲಕ್ಷ ಮೀರಿದರೆ, ಮೀರಿದ್ದಕ್ಕೆ ಶೇ. 12.5, ಜೊತೆಗೆ ಸೆಸ್. ಈ ದರ 2024ರ ಜುಲೈ 23ರಿಂದ ಬಂದಿದ್ದು. 2018ರ ಜನವರಿ 31ರ ಒಳಗೆ ಕೈಗೆ ಬಂದ ಷೇರಿಗೆ ಆ ಜನವರಿ 31ರ ಬೆಲೆಯನ್ನೇ ಕೊಂಡ ಬೆಲೆ ಎಂದು ಹಿಡಿಯುವ ಅವಕಾಶ ಇದೆ, ಮಾರಿದ ಬೆಲೆ ಅದಕ್ಕಿಂತ ಕಡಿಮೆ ಇಲ್ಲದಿದ್ದರೆ. ಆಮೇಲೆ ಬಂದ ಬೋನಸ್ಸಿಗೆ ಕೊಂಡ ಬೆಲೆ ಸೊನ್ನೆ. ಅಂದರೆ ಮಾವನ 1,920ರಲ್ಲಿ 960ಕ್ಕೆ ಹಳೇ ಬೆಲೆಯ ಅನುಕೂಲ ಇದೆ, 2018ರ ಸೆಪ್ಟೆಂಬರ್‌ನಲ್ಲಿ ಬಂದ 960ಕ್ಕೆ ಮಾರಿದ್ದಷ್ಟೂ ಲಾಭವೇ.

ಮನೆಯಲ್ಲಿ ಕಾಗದದ ಷೇರು ಇನ್ನೂ ಉಳಿದಿದ್ದರೆ 2019ರ ಏಪ್ರಿಲ್‌ನಿಂದ ಅದನ್ನು ಹಾಗೇ ಮಾರಲು ಬರುವುದಿಲ್ಲ, ಡಿಮ್ಯಾಟ್ ಮಾಡಿಸಬೇಕು, ಅಂದರೆ ಎಲೆಕ್ಟ್ರಾನಿಕ್ ಖಾತೆಗೆ ಹಾಕಿಸಬೇಕು. ಹಳೇ ಸಹಿ ಹೊಂದದಿದ್ದರೆ ಬ್ಯಾಂಕಿನವರಿಂದ ಐಎಸ್‌ಆರ್-2 ಫಾರಂನಲ್ಲಿ ದೃಢೀಕರಣ ಬೇಕಾಗುತ್ತದೆ. ಸತತ 7 ವರ್ಷ ಡಿವಿಡೆಂಡ್ ಪಡೆಯದೆ ಬಿಟ್ಟರೆ ಷೇರೇ ಸರ್ಕಾರದ ಐಇಪಿಎಫ್ (ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣೆ) ನಿಧಿಗೆ ಹೋಗುತ್ತದೆ, ಅದನ್ನು ಐಇಪಿಎಫ್-5 ಅರ್ಜಿ ಹಾಕಿ ವಾಪಸ್ ಪಡೆಯಬಹುದು. ಮನೆ ಬದಲಾಯಿಸಿದವರು ವಿಳಾಸ, ಬ್ಯಾಂಕ್ ಖಾತೆ, ನಾಮಿನಿ ಮೂರನ್ನೂ ಇವತ್ತೇ ಸರಿಮಾಡಿಕೊಳ್ಳಿ. ಮಾವನ ಡಿಮ್ಯಾಟ್‌ನಲ್ಲಿ ನಾಮಿನಿ ಹೆಸರೇ ಇರಲಿಲ್ಲ. ಈಗ ಅತ್ತೆಯ ಹೆಸರಿದೆ, ಲೆಕ್ಕದ ಹಾಳೆಯ ಒಂದು ಪ್ರಿಂಟ್ ಆ ಡೈರಿಯ ಒಳಗೇ ಇದೆ.