ಹಿಟ್ಟಿನ ಪಾತ್ರೆಯೂ ನನ್ನ ಸೊಂಟವೂ

ಮುಂಬೈ ಮಾಟುಂಗಾದ ನಮ್ಮ ಹೋಟೆಲಿನಲ್ಲಿ ಈಗ ಬೆಳಿಗ್ಗೆ ಯಾರೂ ಹಿಟ್ಟಿನ ಪಾತ್ರೆ ನೆಲದಿಂದ ಎತ್ತುವುದಿಲ್ಲ. ಈ ನಿಯಮ ಮಾಡಿದಾಗ ಅಡುಗೆ ಭಟ್ಟರು ನಕ್ಕಿದ್ದರು, 'ಅಣ್ಣನಿಗೆ ವಯಸ್ಸಾಯ್ತು' ಅಂತ. ಈಗ ಹೊಸ ಹುಡುಗರಿಗೆ ಅವರೇ ಪಾಠ ಹೇಳುತ್ತಾರೆ!

ನನ್ನ ಎಲ್4-ಎಲ್5 ಡಿಸ್ಕ್, ಅಂದರೆ ಸೊಂಟದ ನಾಲ್ಕು-ಐದನೇ ಮೂಳೆಗಳ ನಡುವಿನ ಮೆತ್ತೆ, ಕೈಕೊಟ್ಟು ಮೂರು ವರ್ಷವಾಯ್ತು. ಎಡಗಾಲಿನ ಹೆಬ್ಬೆರಳಿನ ತನಕ ಸೆಳೆತ. ಎಂಆರ್‌ಐಗೆ 7 ಸಾವಿರ ಚಿಲ್ಲರೆ, ಬೆಲ್ಟಿಗೆ 900, ಹಾಸಿಗೆಗೆ 22 ಸಾವಿರ, ಊರಿಗೆ ಹೋಗಿ ಎಣ್ಣೆ ಹಚ್ಚಿಸಿಕೊಂಡದ್ದು ಬೇರೆ. ಒಟ್ಟು 60 ಸಾವಿರ ನೀರುಪಾಲು. ಹಾಸಿಗೆಯಲ್ಲಿ ಈಗ ಅತ್ತೆ ಮಲಗುತ್ತಾರೆ, ಅವರಿಗೆ ಬಹಳ ಇಷ್ಟ.

ನೋವು ಬೆಳಿಗ್ಗೆಯೇ ಜಾಸ್ತಿ ಯಾಕೆ ಅಂತ ತಲೆ ಕೆಟ್ಟಿತ್ತು. ಸುಮ್ನೆ ಗೋಡೆಗೆ ಒರಗಿ ನಿಂತು, ಎದ್ದ ಕೂಡಲೇ ಒಂದು ಮತ್ತು ರಾತ್ರಿ ಒಂದು ಪೆನ್ಸಿಲ್ ಗುರುತು ಹಾಕಿದೆ. ಬೆಳಿಗ್ಗೆ ನಾನು ಒಂದೂವರೆ ಸೆಂಟಿಮೀಟರ್ ಉದ್ದ! ಮಲಗಿದಾಗ ಡಿಸ್ಕ್ ನೆನೆಹಾಕಿದ ಉದ್ದಿನ ಹಾಗೆ ನೀರು ಹೀರಿ ಉಬ್ಬುತ್ತದೆ, ಹಗಲಿನ ಭಾರಕ್ಕೆ ಇಳಿಯುತ್ತದೆ. ಉಬ್ಬಿದ ಹೊತ್ತಿನಲ್ಲಿ ಬಗ್ಗಿದರೆ ಅದಕ್ಕೆ ಕಷ್ಟ ಜಾಸ್ತಿ. ನಾನೋ, ನಾಲ್ಕೂವರೆಗೆ ಎದ್ದು ಮುಖ ತೊಳೆದು ನೇರ 25 ಕೆಜಿ ಹಿಟ್ಟಿಗೇ ಬಗ್ಗುತ್ತಿದ್ದೆ.

ಮೊದಲು ಹಾಲಿನ ಕ್ರೇಟಿನ ಮೇಲೆ ಹಲಗೆ ಇಟ್ಟು ರಾತ್ರಿಯೇ ಪಾತ್ರೆ ಏರಿಸಿದೆ. ಮೇ ತಿಂಗಳ ಸೆಕೆಗೆ ಹಿಟ್ಟು ಉಕ್ಕಿ ಹರಿದು, ಹಲಗೆ ಜಾರಿ, ಎಲ್ಲಾ ನೆಲಪಾಲು. ಅವತ್ತು ಎಂಟರ ತನಕ ಇಡ್ಲಿ ಇಲ್ಲ, 4 ಸಾವಿರ ನಷ್ಟ. ಆಮೇಲೆ ಕುರ್ಲಾದಲ್ಲಿ ಸೊಂಟದೆತ್ತರದ ಗಾಲಿಮೇಜು ಮಾಡಿಸಿದೆ, 6,500 ರೂಪಾಯಿ. ಒದ್ದೆ ನೆಲದಲ್ಲಿ ಸಿಕ್ಕಿಕೊಳ್ಳದ ಗಾಲಿ ಯಾವುದು ಅಂತ ಇಲ್ಲಿ ಹೇಳಲ್ಲ, ಹೋಟೆಲಿಗೆ ಬನ್ನಿ, ಕಾಫಿ ಕುಡಿಯುತ್ತಾ ನೋಡೋಣ.

ಎತ್ತಲೇಬೇಕಾದರೆ ಪಾತ್ರೆಯನ್ನು ಹೊಟ್ಟೆಗೆ ಆನಿಸಿಕೊಂಡೇ. ಜರ್ಮನಿಯವರು ಒಬ್ಬರ ಡಿಸ್ಕಿನೊಳಗೇ ಸೆನ್ಸರ್ ಇಟ್ಟು ಅಳೆದು 1999ರಲ್ಲಿ ಪ್ರಕಟಿಸಿದ್ದಾರೆ: ಸುಮ್ನೆ ನಿಂತರೆ 0.5 ಮೆಗಾಪಾಸ್ಕಲ್ ಒತ್ತಡ, ಬೆನ್ನು ಬಗ್ಗಿಸಿ 20 ಕೆಜಿ ಎತ್ತಿದರೆ 2.3, ಅದನ್ನೇ ಮೈಗೆ ಒತ್ತಿ ಹಿಡಿದರೆ 1.1. ಭಟ್ಟರ ಬಾಯಿ ಮುಚ್ಚಿಸಿದ್ದು ಈ ಲೆಕ್ಕ.

ನಡುವೆ ಕಬ್ಬಿಣದ ಸಲಾಕೆಗೆ ಜೋತಾಡಿಯೂ ನೋಡಿದೆ. ಹತ್ತು ನಿಮಿಷ ಹಾಯೆನಿಸಿತು, ವಾರದಲ್ಲಿ ಭುಜ ಹಿಡಿದುಕೊಂಡಿತು.

ಸೆಳೆತ ಪೂರ್ತಿ ಹೋಗಲು ಏಳೆಂಟು ತಿಂಗಳು ಹಿಡಿಯಿತು. ಹೊರಚಾಚಿದ ಡಿಸ್ಕ್ ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ ಅಂತಾರೆ ಡಾಕ್ಟರು. ಇರಬಹುದು, ಆದರೆ ಬಗ್ಗುತ್ತಲೇ ಇದ್ದ ಮೊದಲ ವರ್ಷ ಇಳಿಯಲಿಲ್ಲವಲ್ಲ?

ಸಿಲಿಂಡರ್ ಮಾತ್ರ ಇನ್ನೂ ಬಗೆಹರಿದಿಲ್ಲ. 19 ಕೆಜಿ ಗ್ಯಾಸು, ಮೇಲೆ ಹೆಚ್ಚುಕಡಿಮೆ ಅಷ್ಟೇ ಕಬ್ಬಿಣ. ಸದ್ಯ ಉರುಳಿಸಿಕೊಂಡೇ ತರುತ್ತೇವೆ, ಟೈಲ್ಸ್ ಒಡೆಯುತ್ತೆ ಅಂತ ಭಟ್ಟರು ಬೈಯುತ್ತಿರುತ್ತಾರೆ.